ಮುಂದಾಳು ಒಬ್ಬ, ಹೆಗಲು ಹಲವು



1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಬೆಳೆಗಾರರನ್ನು ಒಗ್ಗೂಡಿಸಿದರು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಅದೇ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ ಆರಂಭವಾಯಿತು. ಮುಂದಾಳು ದಾರಿ ತೋರಿದರು, ನಿಜ. ಗೋದಾಮು ತುಂಬಿಸಿದವರು ಮಾತ್ರ ಮೂಟೆ ಹೊತ್ತು ತಂದ ಬೆಳೆಗಾರರು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಾವು ಮಾಡುವುದೇನು? ಮುಂಗಡದ ಆಸೆಗೆ ತೋಟವನ್ನು ಕೇಣಿ ಕೊಟ್ಟು, ಧಾರಣೆ ಏರಿದ ಮೇಲೆ ಸಂಘವನ್ನು ದೂರುತ್ತೇವೆ. ಒಬ್ಬೊಬ್ಬರಾಗಿ ನಿಂತವರಿಗೆ ಕೇಣಿದಾರ ಹೇಳಿದ್ದೇ ದರ. ಹತ್ತು ತೋಟದವರು ಕೂಡಿ ಕೊಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ತಂದರೆ ದರ ಕೇಳುವ ಬಾಯಿ ನಮ್ಮದಾಗುತ್ತದೆ. ಇದು ಕಾರ್ಯದರ್ಶಿಯೊಬ್ಬನಿಂದ ಆಗುವ ಕೆಲಸವಲ್ಲ. ಈ ಸಲ ತೋಟ ಕೇಣಿ ಕೊಡುವ ಮುನ್ನ ಸಂಘಕ್ಕೆ ಬನ್ನಿ, ಕೂತು ಮಾತಾಡೋಣ.