ಜಾಲಿಯ ಪರಾಗ, ತಟ್ಟೆಯ ಕಾಳು

ಬಳ್ಳಾರಿಯ ಗಾಂಧಿನಗರದ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಮನೆಯ ಹುಡುಗನಿಗೆ ವರ್ಷವರ್ಷವೂ ಕೆಲವು ವಾರಗಳ ಕಾಲ ಬಿಡದ ಸೀನು, ಕಣ್ಣುರಿ, ರಾತ್ರಿ ಉಬ್ಬಸ. ಅಲರ್ಜಿಯ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಬಳ್ಳಾರಿ ಜಾಲಿಯ ಪರಾಗದ ಮುಂದೆ ಗುರುತು ಬಿದ್ದಿತ್ತು. ಅದರ ಜೊತೆಗೆ ಕಡಲೆಕಾಯಿ, ಡಬಲ್ ಬೀನ್ಸ್‌ಗಳ ಮುಂದೆಯೂ ಬಿದ್ದಿತ್ತು. ಇವೆರಡನ್ನೂ ಹುಡುಗ ನಿನ್ನೆಯವರೆಗೆ ತಿಂದು ಸುಖವಾಗಿದ್ದವನೇ. ಆದರೂ ತಾಯಿ ಹೆದರಿ ಅವನ್ನು ಅಡಿಗೆಮನೆಯಿಂದ ಹೊರಗಿಟ್ಟರು. ಆಕೆ ಮಾಡಿದ್ದು ಸರಿಯೆ?

ಉತ್ತರ ಹೇಳುವ ಮುನ್ನ ಅಲರ್ಜಿಯ ಬಗೆಯನ್ನು ತಿಳಿಯಬೇಕು. ನಿರಪಾಯವಾದ ವಸ್ತುವನ್ನು ದೇಹವು ಶತ್ರುವೆಂದು ಭ್ರಮಿಸುವುದೇ ಅಲರ್ಜಿ. ಸೀನು, ಉಬ್ಬಸಗಳಂಥ ಅಲರ್ಜಿಗೆ ಕಾರಣವಾದ ರಕ್ತದ ಪ್ರತಿಕಾಯವನ್ನು 1966-67ರ ವೇಳೆಗೆ ಅಮೆರಿಕದಲ್ಲಿ ಇಷಿಜಾಕಾ ದಂಪತಿಗಳೂ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಅವರೂ ಗುರುತಿಸಿದರು. ಅದಕ್ಕೆ ಐಜಿಇ ಎಂದು ಹೆಸರು. ಈ ಪ್ರತಿಕಾಯವು ವಸ್ತುವಿನ ಹೆಸರನ್ನು ಕೇಳುವುದಿಲ್ಲ. ಅದರ ಪ್ರೋಟೀನಿನ ಆಕಾರವನ್ನು ಮಾತ್ರ ನೋಡುತ್ತದೆ. ಒಂದು ಬೀಗದ ಕೈ ಕೆಲವೊಮ್ಮೆ ಇನ್ನೊಂದು ಬೀಗಕ್ಕೂ ಹೊಂದುವುದಿಲ್ಲವೆ? ಹಾಗೆಯೇ ಪರಾಗಕ್ಕಾಗಿ ಹುಟ್ಟಿದ ಪ್ರತಿಕಾಯವು ಕಾಳಿನ ಪ್ರೋಟೀನಿಗೂ ಅಂಟಿಕೊಳ್ಳಬಹುದು. ಇದನ್ನು ಅಡ್ಡ ಪ್ರತಿಕ್ರಿಯೆ ಎನ್ನಬಹುದು.

ನಮ್ಮ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಇಲ್ಲಿನ ಮೂಲದ ಗಿಡವಲ್ಲ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಅವರೆ, ತೊಗರಿ, ಕಡಲೆಕಾಯಿಗಳ ಹಾಗೆ ಇದೂ ಕಾಯಿಯೊಳಗೆ ಬೀಜ ಕಟ್ಟುವ ದ್ವಿದಳ ಕುಟುಂಬದ್ದೇ. ಇದರ ಪರಾಗಕ್ಕೂ ಡಬಲ್ ಬೀನ್ಸಿಗೂ ಇಂಥ ಅಡ್ಡ ಪ್ರತಿಕ್ರಿಯೆ ಇರುವುದನ್ನು ದೆಹಲಿಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ನಂಟಸ್ತನ ಗಿಡಗಳಿಗಷ್ಟೇ ಮೀಸಲಲ್ಲ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗೂ ಸಿಗಡಿಗೂ ಒಂದೇ ಬಗೆಯ ಪ್ರೋಟೀನು ಉಂಟು.

ಆದರೆ ಪ್ರತಿಕಾಯ ಅಂಟಿಕೊಂಡ ಮಾತ್ರಕ್ಕೆ ರೋಗ ಬಂದಿತೆಂದು ತಿಳಿಯಬಾರದು. ಮುಂಗೈ ಚರ್ಮದ ಮೇಲೆ ಹನಿ ಇಟ್ಟು ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಗಂಧೆ ಏಳುವುದೋ ಎಂದು ನೋಡುವ ಪರೀಕ್ಷೆಯಾಗಲಿ, ರಕ್ತದ ಪರೀಕ್ಷೆಯಾಗಲಿ ಹೇಳುವುದು ಇಷ್ಟೇ: ಈ ದೇಹದಲ್ಲಿ ಆ ವಸ್ತುವಿಗೆ ಹೊಂದುವ ಪ್ರತಿಕಾಯ ಇದೆ. ತಿಂದರೆ ತೊಂದರೆಯಾಗುವುದೇ ಎಂಬುದು ಬೇರೆ ಪ್ರಶ್ನೆ. ಹುಲ್ಲಿನ ಪರಾಗ ಒಗ್ಗದ ಎಷ್ಟೋ ಮಂದಿಯ ರಕ್ತಪರೀಕ್ಷೆಯಲ್ಲಿ ಕಡಲೆಕಾಯಿಗೂ ಗುರುತು ಬೀಳುತ್ತದೆ. ಆದರೆ ಅವರು ಕಡಲೆಕಾಯಿಯನ್ನು ನಿಶ್ಚಿಂತೆಯಿಂದ ತಿನ್ನುತ್ತಾರೆ. ಇನ್ನು ಕೆಲವರಿಗೆ ಹಸಿಯ ಹಣ್ಣು ತರಕಾರಿ ತಿಂದರೆ ಬಾಯಿ ತುರಿಸುತ್ತದೆ, ಬೇಯಿಸಿದರೆ ಇಲ್ಲ. ಆ ಪ್ರೋಟೀನು ಬೆಂಕಿಯ ಕಾವಿಗೆ ಕೆಡುವಂಥದು.

ಹಾಗೆಂದು ಎಲ್ಲವನ್ನೂ ಹಗುರವಾಗಿ ಕಾಣುವಂತಿಲ್ಲ. ಕಡಲೆಕಾಯಿಯ ಬೀಜದಲ್ಲಿ ಹುರಿದರೂ ಅಳಿಯದ ಪ್ರೋಟೀನುಗಳಿವೆ. ಅವು ಒಗ್ಗದವರಿಗೆ ಒಂದೆರಡು ಕಾಳೂ ಪ್ರಾಣಾಪಾಯ ತರಬಹುದು. ಏನನ್ನಾದರೂ ತಿಂದ ಸ್ವಲ್ಪ ಹೊತ್ತಿನಲ್ಲಿ ಮೈಯೆಲ್ಲ ಗಂಧೆ, ಗಂಟಲು ಬಿಗಿತ, ಉಸಿರಾಟಕ್ಕೆ ಕಷ್ಟ, ತಲೆಸುತ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಈ ಎರಡರಲ್ಲಿ ಯಾವುದು ಎಂಬುದನ್ನು ನಿರ್ಧರಿಸುವುದು ರೋಗಿಯ ವೃತ್ತಾಂತ. ಏನು ತಿಂದದ್ದು, ಹಸಿಯೋ ಬೆಂದದ್ದೋ, ಎಷ್ಟು ಹೊತ್ತಿಗೆ ಏನಾಯಿತು, ಮತ್ತೊಮ್ಮೆ ತಿಂದಾಗಲೂ ಆಯಿತೆ ಎಂಬುದನ್ನು ಬರೆದಿಟ್ಟು ವೈದ್ಯರಿಗೆ ಹೇಳುವುದು ಒಳ್ಳೆಯದು. ಸಂಶಯ ಉಳಿದರೆ, ಯಾವ ಪ್ರೋಟೀನಿಗೆ ಪ್ರತಿಕಾಯವಿದೆ ಎಂದು ಬಿಡಿಸಿ ತೋರಿಸುವ ರಕ್ತಪರೀಕ್ಷೆಗಳು ಈಗ ಉಂಟು. ಕೊನೆಯ ತೀರ್ಪು, ವೈದ್ಯರ ಎದುರಿನಲ್ಲಿ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು ನೋಡುವ ಪರೀಕ್ಷೆಯದು. ಅದನ್ನು ಮನೆಯಲ್ಲಿ ಮಾಡಲೇಬಾರದು.

ಈಗ ಗಾಂಧಿನಗರದ ತಾಯಿಯ ಪ್ರಶ್ನೆಗೆ ಬರೋಣ. ತಿಂದು ತೊಂದರೆಯಾಗದ ಕಾಳುಗಳನ್ನು ವರದಿಯೊಂದನ್ನೇ ನಂಬಿ ಬಿಡಿಸುವುದು ಸರಿಯಲ್ಲ. ಬೆಳೆಯುವ ಹುಡುಗನಿಗೆ ಬೇಳೆಕಾಳೇ ಪುಷ್ಟಿ. ಅಲ್ಲದೆ, ಒಗ್ಗುತ್ತಿದ್ದ ಆಹಾರವನ್ನು ಬಹುಕಾಲ ಬಿಡಿಸಿದ್ದರಿಂದ ಆಮೇಲೆ ಅದು ನಿಜವಾಗಿಯೂ ಒಗ್ಗದೆ ಹೋದ ಮಕ್ಕಳೂ ಇದ್ದಾರೆ. ಆಕೆ ವರದಿಯನ್ನೂ ಹುಡುಗನ ಊಟದ ವೃತ್ತಾಂತವನ್ನೂ ಒಟ್ಟಿಗೆ ವೈದ್ಯರ ಮುಂದಿಡಲಿ. ಹುಡುಗನ ಉಬ್ಬಸಕ್ಕೆ ಮದ್ದು ಬೇಕು. ಅವನ ತಟ್ಟೆಯನ್ನು ಬರಿದುಮಾಡುವುದು ಅದಕ್ಕೆ ಮದ್ದಲ್ಲ.