ನೆಲಕ್ಕೂ ಸೈ, ನೀರಿಗೂ ಸೈ: ಹಳೆಯ ಉಭಯಚರ ವಾಹನಕ್ಕೆ ಮನೆಯಲ್ಲೇ ಮರುಜೀವ

ಆರು ದಪ್ಪ ಗಾಲಿಗಳು. ಸ್ನಾನದ ತೊಟ್ಟಿಯನ್ನು ನೆನಪಿಸುವ ಪ್ಲಾಸ್ಟಿಕ್ ಒಡಲು. ಅದರ ಹೊಟ್ಟೆಯಲ್ಲೊಂದು ಪುಟ್ಟ ಪೆಟ್ರೋಲ್ ಎಂಜಿನ್. ಕೆಸರು, ಹಿಮ, ಕಲ್ಲುಬಂಡೆ ಯಾವುದಕ್ಕೂ ಅಂಜದೆ ಸಾಗುವ ಈ ವಾಹನ, ಎದುರಿಗೆ ಕೆರೆ ಬಂದರೆ ನಿಲ್ಲುವುದಿಲ್ಲ. ಹರಿಗೋಲಿನಂತೆ ತೇಲುತ್ತ ಆಚೆ ದಡ ಸೇರಿ ಮತ್ತೆ ನೆಲ ಹತ್ತುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಅರ್ಧ ಶತಮಾನದ ಹಿಂದೆ ತಯಾರಾದ ಇಂಥ ವಾಹನಗಳನ್ನು ಕೊಟ್ಟಿಗೆಯ ಮೂಲೆಯಿಂದ ಹೊರಗೆಳೆದು, ಮನೆಯಂಗಳದಲ್ಲೇ ದುರಸ್ತಿ ಮಾಡಿ ಓಡಿಸುವ ಹವ್ಯಾಸ ಅಲ್ಲಿ ಇಂದಿಗೂ ಜೀವಂತವಾಗಿದೆ.

ಹಳೆಯ ಕಾರು ಅಥವಾ ಬೈಕನ್ನು ಸರಿಪಡಿಸುವುದಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ರಸ್ತೆಯಲ್ಲಿ ಬೈಕಿನ ವೈರಿಂಗ್ ಕೈಕೊಟ್ಟರೆ ತಳ್ಳಿಕೊಂಡು ಮನೆಗೆ ಬರಬಹುದು. ಕೆರೆಯ ನಡುವೆ ಈ ವಾಹನದ ವೈರಿಂಗ್ ಕೈಕೊಟ್ಟರೆ ಎಂಜಿನ್ ನಿಲ್ಲುತ್ತದೆ, ಗಾಲಿಗಳು ನಿಲ್ಲುತ್ತವೆ, ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪೂ ನಿಲ್ಲಬಹುದು. ಆದ್ದರಿಂದ ಇಲ್ಲಿ ಬಣ್ಣ, ಹೊಳಪುಗಳಿಗಿಂತ ಮೊದಲು ತಂತಿಗಳ ಕಡೆಗೆ ಗಮನ ಹರಿಸುವುದು ಜಾಣತನ.

ಯಾವುದು ಈ ವಾಹನ?

ಇವುಗಳ ಕಥೆ ಆರಂಭವಾಗುವುದು 1960ರ ದಶಕದ ಆದಿಯಲ್ಲಿ, ಕೆನಡಾದಲ್ಲಿ. ಅಲ್ಲಿ ತಯಾರಾದ 'ಜಿಗರ್' ಎಂಬ ಆರು ಗಾಲಿಯ ಪುಟ್ಟ ವಾಹನ ಈ ಬಗೆಯವುಗಳಲ್ಲಿ ಮೊದಲಿನದೆಂದು ಹೆಸರಾಗಿದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ನ್ಯೂ ಹ್ಯಾಂಬರ್ಗ್ ಊರಿನಲ್ಲಿ 1962ರಲ್ಲಿ ಹುಟ್ಟಿದ ಕಂಪನಿಯೊಂದು 1967ರಲ್ಲಿ 'ಆರ್ಗೋ'ವನ್ನು ಹೊರತಂದಿತು. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಿಂದ 'ಮ್ಯಾಕ್ಸ್' ಬಂತು. 'ಆಂಫಿಕ್ಯಾಟ್' ಎಂಬ ಮತ್ತೊಂದು ಮಾದರಿ ಕಿರುತೆರೆಗೂ ಏರಿತು. 1968ರಲ್ಲಿ ಆರಂಭವಾದ ಅಮೆರಿಕದ ಮಕ್ಕಳ ಕಾರ್ಯಕ್ರಮ 'ಬನಾನಾ ಸ್ಪ್ಲಿಟ್ಸ್'ನಲ್ಲಿ ವೇಷ ತೊಟ್ಟು ಕುಣಿದ ಅದು, 1975ರ ಬ್ರಿಟಿಷ್ ಧಾರಾವಾಹಿ 'ಸ್ಪೇಸ್: 1999'ರಲ್ಲಿ ಚಂದ್ರನ ಮೇಲೆ ಓಡಾಡುವ ಬಂಡಿಯಾಯಿತು.

ಇಂದು ಎಟಿವಿ ಎಂದರೆ ನಮಗೆ ನೆನಪಾಗುವುದು ಪ್ರವಾಸಿ ತಾಣಗಳಲ್ಲಿ ಬಾಡಿಗೆಗೆ ಸಿಗುವ ನಾಲ್ಕು ಗಾಲಿಯ ಬೈಕ್. ಆದರೆ ಆ ಹೆಸರನ್ನು ಅದಕ್ಕೂ ಮೊದಲು ಹೊತ್ತಿದ್ದವು ಈ ಆರು ಗಾಲಿಯ ತೇಲುಬಂಡಿಗಳು. 1970ರಲ್ಲಿ ಹೋಂಡಾ ಕಂಪನಿಯ ಮೂರು ಗಾಲಿಯ ಬಂಡಿ ಅಮೆರಿಕದ ಮಾರುಕಟ್ಟೆಗೆ ಬಂದ ಮೇಲೆ ಜನರ ಒಲವು ಬದಲಾಯಿತು. ತೇಲುಬಂಡಿ ತಯಾರಿಸುತ್ತಿದ್ದ ಹಲವು ಸಣ್ಣ ಕಂಪನಿಗಳು ಆ ದಶಕದಲ್ಲೇ ಬಾಗಿಲು ಮುಚ್ಚಿದವು. ಆದರೆ ಅವುಗಳ ಹಿಂದಿನ ತತ್ತ್ವ ಸಾಯಲಿಲ್ಲ. 2025ರ ಪಂಜಾಬ್ ಪ್ರವಾಹದಲ್ಲಿ ಜನರನ್ನು ರಕ್ಷಿಸಲು ಭಾರತೀಯ ಸೇನೆ ಬಳಸಿದ 'ಏಟಾರ್ ಎನ್1200' ಉಭಯಚರ ವಾಹನವೂ ತನ್ನ ದೊಡ್ಡ ಗಾಲಿಗಳ ತಿರುಗುವಿಕೆಯಿಂದಲೇ ನೀರಿನಲ್ಲಿ ಮುನ್ನಡೆಯುತ್ತದೆ.

ಹಳೆಯ ಬಂಡಿಗಳ ರಚನೆ ಸರಳ. ಎಂಜಿನ್ನಿನ ಶಕ್ತಿ ಗೇರು ಪೆಟ್ಟಿಗೆಗೆ, ಅಲ್ಲಿಂದ ಚೈನ್‌ಗಳ ಮೂಲಕ ಆರೂ ಗಾಲಿಗಳಿಗೆ ಹರಿಯುತ್ತದೆ. ಮುಂದಿನ ಗಾಲಿಗಳು ಕಾರಿನಲ್ಲಿರುವಂತೆ ತಿರುಗುವುದಿಲ್ಲ. ಒಂದು ಬದಿಯ ಗಾಲಿಗಳನ್ನು ತಡೆದರೆ, ಇನ್ನೊಂದು ಬದಿಯವು ಮುಂದೆ ಸಾಗಿ ಬಂಡಿ ಹೊರಳುತ್ತದೆ. ಟಯರುಗಳಲ್ಲಿ ಗಾಳಿಯ ಒತ್ತಡ 2-3 ಪಿಎಸ್‌ಐ ಮಾತ್ರ. ಕಾರಿನ ಲೆಕ್ಕದಲ್ಲಿ 30 ಪಿಎಸ್‌ಐ ತುಂಬಿಸಿದರೆ ಹಳೆಯ ಟಯರು ಸಿಡಿಯುವ ಅಪಾಯವಿದೆ. ನೀರಿನಲ್ಲಿ ಈ ಟಯರುಗಳ ಉಬ್ಬುಗೆರೆಗಳೇ ಹುಟ್ಟುಗೋಲುಗಳು. ವೇಗ ನಡಿಗೆಯ ಮಟ್ಟದ್ದು, ಅಷ್ಟೆ.

ಮೊದಲು ತೊಟ್ಟಿ, ಆಮೇಲೆ ತಂತಿ

ದಶಕಗಳ ಕಾಲ ಮೂಲೆ ಸೇರಿದ್ದ ಬಂಡಿಯನ್ನು ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ, ಪ್ರತಿಯೊಂದು ತಂತಿಯ ಫೋಟೋ ತೆಗೆದುಕೊಳ್ಳಬೇಕು. ತಂತಿಯ ಎರಡೂ ತುದಿಗೆ ಚೀಟಿ ಅಂಟಿಸಬೇಕು. ಬಣ್ಣಗಳನ್ನು ನಂಬುವಂತಿಲ್ಲ, ಏಕೆಂದರೆ ಹಿಂದಿನ ಮಾಲೀಕರು ಕೈಗೆ ಸಿಕ್ಕಿದ ತಂತಿಯನ್ನು ಜೋಡಿಸಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಬ್ರೇಕ್ ಪಟ್ಟಿ ಮತ್ತು ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಗಾಳಿ ಹಾಯಿಸಿ ಎಬ್ಬಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಳಿಕ ಒಡಲಿನ ಪರೀಕ್ಷೆ. ಒಡಲು ಯಾವ ಪ್ಲಾಸ್ಟಿಕ್ಕಿನದು ಎಂಬುದನ್ನು ಮೊದಲು ತಿಳಿಯಬೇಕು. ಎಬಿಎಸ್ ಪ್ಲಾಸ್ಟಿಕ್ ಅಸಿಟೋನ್‌ನಲ್ಲಿ ಕರಗುತ್ತದೆ. ಅದರದ್ದೇ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಮಾಡಿದ ಅಂಟಿನಿಂದ ಬಿರುಕನ್ನು ಬೆಸೆಯಬಹುದು. ಪಾಲಿಎಥಿಲೀನ್ ಆದರೆ ಅಸಿಟೋನ್‌ಗೂ ಸಾಮಾನ್ಯ ಅಂಟಿಗೂ ಜಗ್ಗುವುದಿಲ್ಲ, ಬಿಸಿಗಾಳಿಯ ಬೆಸುಗೆಯೇ ಬೇಕು. ದುರಸ್ತಿಯ ನಂತರ ಒಡಲಿನೊಳಗೆ ನಾಲ್ಕಾರು ಸೆಂಟಿಮೀಟರ್ ನೀರು ನಿಲ್ಲಿಸಿ, ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆ ಎಂದು ನೋಡಬಹುದು. ಗಾಲಿಯ ಅಚ್ಚು ಒಡಲನ್ನು ತೂರಿ ಹೊರಬರುವ ಕಡೆಗಳಲ್ಲಿ ಬೇರಿಂಗ್ ಮತ್ತು ಸೀಲುಗಳಿರುತ್ತವೆ. ಆ ಸೀಲುಗಳು ಅಚ್ಚಿನ ಮಟ್ಟಕ್ಕಿಂತ ಕೆಳಗೂ ಇರುವುದರಿಂದ, ನೀರು ಅಲ್ಲಿಯವರೆಗೆ ಏರುವಂತೆ ತುಂಬಿಸಿದರೆ ಮಾತ್ರ ಅವುಗಳ ಸೋರಿಕೆ ಬಯಲಾಗುತ್ತದೆ.

ಪೆಟ್ರೋಲ್ ಕೊಳವೆಗಳನ್ನು ಸಂಪೂರ್ಣ ಬದಲಿಸುವುದು ಕ್ಷೇಮ. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಆ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಈ ವಾಹನದಲ್ಲಿ ಸೋರಿದ ಪೆಟ್ರೋಲು ರಸ್ತೆಗೆ ಬೀಳುವುದಿಲ್ಲ, ತೊಟ್ಟಿಯ ತಳದಲ್ಲೇ ನಿಲ್ಲುತ್ತದೆ. ಅದರ ಆವಿ ಗಾಳಿಗಿಂತ ಭಾರ. ಅದೂ ಅಲ್ಲಿಯೇ ಮಡುಗಟ್ಟುತ್ತದೆ. ಮೇಲೆ ಒಂದು ಸಡಿಲ ತಂತಿ ಕಿಡಿ ಹಾರಿಸಿದರೆ ಏನಾದೀತು ಎಂಬುದನ್ನು ವಿವರಿಸಬೇಕಿಲ್ಲ.

ಹೋದ ವಿದ್ಯುತ್ತು ಹಿಂದಿರುಗಬೇಕು

ಕಾರು, ಬೈಕುಗಳಲ್ಲಿ ಒಂದು ದೀಪಕ್ಕೆ ಹೆಚ್ಚಾಗಿ ಒಂದೇ ತಂತಿ ಕಾಣುತ್ತದೆ. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ದೀಪ ಬೆಳಗಿಸಿ, ವಾಹನದ ಕಬ್ಬಿಣದ ಮೈಯ ಮೂಲಕವೇ ಋಣ ತುದಿಗೆ ಮರಳುತ್ತದೆ. ನಮ್ಮ ಮೆಕ್ಯಾನಿಕ್‌ಗಳು 'ಬಾಡಿ ಅರ್ಥ್' ಎನ್ನುವುದು ಇದನ್ನೇ.

ತೇಲುಬಂಡಿಯ ಮೈ ಪ್ಲಾಸ್ಟಿಕ್ಕಿನದು. ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಒಳಗೆ ಉಕ್ಕಿನ ಚೌಕಟ್ಟು ಇರುತ್ತದೆ ನಿಜ. ಆದರೆ ಅದರ ಬೋಲ್ಟುಗಳು ವರ್ಷಗಟ್ಟಲೆ ನೀರು ಕುಡಿದು ತುಕ್ಕು ಹಿಡಿದಿರುತ್ತವೆ, ದೀಪಗಳು ಇರುವುದೂ ಪ್ಲಾಸ್ಟಿಕ್ಕಿನ ಮೇಲೆಯೇ. ಹೀಗಾಗಿ ಪ್ರತಿಯೊಂದು ದೀಪಕ್ಕೂ, ಪಂಪಿಗೂ, ಮೀಟರಿಗೂ ಹೋಗುವ ತಂತಿಯ ಜೊತೆ ಮರಳುವ ತಂತಿಯೊಂದು ಕಡ್ಡಾಯ. ಇವೆಲ್ಲವನ್ನೂ ತೊಟ್ಟಿಯ ಮೇಲ್ಭಾಗದಲ್ಲಿ, ನೀರು ಮುಟ್ಟದ ಎತ್ತರದಲ್ಲಿ ಒಂದು ತಾಮ್ರದ ಪಟ್ಟಿಗೆ ಜೋಡಿಸಿ, ಅಲ್ಲಿಂದ ದಪ್ಪ ಕೇಬಲ್ ಮೂಲಕ ಬ್ಯಾಟರಿಗೂ, ಎಂಜಿನ್ನಿನ ಲೋಹದ ಮೈಗೂ ಸಂಪರ್ಕ ಕೊಡಬೇಕು. 'ದೀಪ ಒಮ್ಮೆ ಉರಿಯುತ್ತದೆ, ಒಮ್ಮೆ ಇಲ್ಲ' ಎಂಬ ದೂರುಗಳಲ್ಲಿ ಬಹುಪಾಲಿಗೆ ಈ ಮರಳುವ ದಾರಿಯ ದೋಷವೇ ಕಾರಣ.

ಎಂಜಿನ್ ನಿಲ್ಲಿಸುವ ತಂತಿ

ಈ ಬಂಡಿಗಳ ಹಳೆಯ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಗ್ನೆಟೊ. ನಮ್ಮ ಊರುಗಳಲ್ಲಿ ಓಡಾಡಿದ ಲೂನಾ ಮೊಪೆಡ್ಡನ್ನು ನೆನಪಿಸಿಕೊಂಡರೆ ಅರ್ಥವಾದೀತು. ತಿರುಗುವ ಫ್ಲೈವೀಲಿನಲ್ಲಿ ಅಯಸ್ಕಾಂತಗಳಿರುತ್ತವೆ. ಅವು ಕಾಯಿಲಿನ ಬಳಿ ಹಾದುಹೋದಾಗ ವಿದ್ಯುತ್ತು ಹುಟ್ಟುತ್ತದೆ. ಸರಿಯಾದ ಕ್ಷಣದಲ್ಲಿ ಪಾಯಿಂಟ್ ತೆರೆದುಕೊಂಡು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಜಾವಾ ಬೈಕುಗಳ ರೀತಿ ಬೇರೆ. ಅಲ್ಲಿ ಕಿಡಿಗೆ ಬ್ಯಾಟರಿಯ ವಿದ್ಯುತ್ತು ಬೇಕು.

ಈ ವ್ಯತ್ಯಾಸ ಮರೆತರೆ ಹಾನಿ ಖಚಿತ. ಬ್ಯಾಟರಿ ಪದ್ಧತಿಯಲ್ಲಿ ಕೀಲಿ ತಿರುಗಿಸಿದಾಗ ವಿದ್ಯುತ್ತು ಕಾಯಿಲಿಗೆ ಹರಿಯುತ್ತದೆ, ಆರಿಸಿದಾಗ ಕಡಿದುಹೋಗುತ್ತದೆ. ಮ್ಯಾಗ್ನೆಟೊ ಪದ್ಧತಿಯಲ್ಲಿ ಕೀಲಿಯ ಕೆಲಸ ತದ್ವಿರುದ್ಧ. ಆರಿಸಿದಾಗ ಮಾತ್ರ ಅದು ಕಾಯಿಲಿನ ತಂತಿಯನ್ನು ಎಂಜಿನ್ನಿನ ಮೈಗೆ ತಾಗಿಸಿ ಕಿಡಿಯನ್ನು ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಕ್ಕ ಕಾರಿನ ಕೀಲಿ ಸ್ವಿಚ್ಚನ್ನು ಇಲ್ಲಿ ಅಳವಡಿಸಿದರೆ 12 ವೋಲ್ಟ್ ನೇರವಾಗಿ ಮ್ಯಾಗ್ನೆಟೊಗೆ ನುಗ್ಗಿ ಕಾಯಿಲು, ಪಾಯಿಂಟುಗಳನ್ನು ಹಾಳುಗೆಡವಬಹುದು. ಸ್ವಿಚ್ ಕೊಳ್ಳುವಾಗ ಅದು ಮ್ಯಾಗ್ನೆಟೊ ಬಗೆಯದೇ ಎಂದು ಕೇಳಿ, ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಬೇಕು.

ಈ ಒಂದು ತಂತಿ ಎರಡು ಬಗೆಯಲ್ಲಿ ಕೈಕೊಡಬಲ್ಲದು. ಅದು ತುಂಡಾದರೆ, ಅಥವಾ ಪ್ಲಾಸ್ಟಿಕ್ ಮೈಯ ಮೇಲಿನ ಸ್ವಿಚ್ಚಿನಿಂದ ಎಂಜಿನ್ನಿಗೆ ಮರಳುವ ದಾರಿ ಕಡಿದರೆ, ಕೀಲಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಅದರ ಹೊದಿಕೆ ಸವೆದು ಒಳತಂತಿ ಚೌಕಟ್ಟಿಗೆ ತಾಗಿದರೆ, ಅಥವಾ ಒದ್ದೆಯಾದ ಸ್ವಿಚ್ಚಿನೊಳಗೆ ಸಂಪರ್ಕ ಏರ್ಪಟ್ಟರೆ, ಕೆರೆಯ ನಡುವೆ ಎಂಜಿನ್ ತಾನಾಗಿ ನಿಲ್ಲುತ್ತದೆ. ಅದಕ್ಕಾಗಿ ಈ ತಂತಿಯನ್ನು ಉಳಿದವುಗಳಿಂದ ಪ್ರತ್ಯೇಕವಾಗಿ, ಚೈನ್ ಮತ್ತು ಸೈಲೆನ್ಸರ್‌ಗಳಿಂದ ದೂರದಲ್ಲಿ, ಕೊಳವೆಯೊಳಗೆ ಸಾಗಿಸುವುದು ಒಳಿತು.

ತಂತಿಯ ದಪ್ಪ, ಫ್ಯೂಸಿನ ಜಾಗ

ತಂತಿ ಎಷ್ಟು ದಪ್ಪವಿರಬೇಕೆಂಬುದಕ್ಕೆ ಶಾಲೆಯ ಗಣಿತ ಸಾಕು. 55 ವಾಟ್‌ನ ಎರಡು ಮುಂದೀಪಗಳಿಗೆ 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಬೇಕು. ಬ್ಯಾಟರಿಯಿಂದ ದೀಪಕ್ಕೆ 2 ಮೀಟರ್, ಮರಳಲು 2 ಮೀಟರ್, ಒಟ್ಟು 4 ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ದಾರಿಯಲ್ಲೇ ಸುಮಾರು 0.65 ವೋಲ್ಟ್, ಅಂದರೆ ಶೇ. 5ಕ್ಕೂ ಹೆಚ್ಚು ಸೋರಿಹೋಗುತ್ತದೆ. 2.5 ಚದರ ಮಿಲಿಮೀಟರ್ ತಂತಿಯಾದರೆ ನಷ್ಟ ಶೇ. 2ರ ಆಸುಪಾಸು. ಮುಖ್ಯ ಸಂಪರ್ಕಗಳಲ್ಲಿ ಈ ನಷ್ಟ ಶೇ. 3ನ್ನು ಮೀರಬಾರದು ಎಂಬುದು ಅಮೆರಿಕದ ದೋಣಿ ಮಾನದಂಡಗಳ ಸಂಸ್ಥೆ, 'ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್' ಹೇಳುವ ಮಾತು. ತೇಲುವ ವಾಹನಕ್ಕೆ ಕಾರಿನ ರೂಢಿಗಿಂತ ದೋಣಿಯ ರೂಢಿ ಹೆಚ್ಚು ಹೊಂದುತ್ತದೆ.

ಅದೇ ಸಂಸ್ಥೆಯ ಇನ್ನೊಂದು ನಿಯಮ: ಬ್ಯಾಟರಿಯಿಂದ ಹೊರಡುವ ತಂತಿಗೆ 7 ಇಂಚಿನೊಳಗೆ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ದೀಪವನ್ನು ಕಾಪಾಡಲು ಎಂದು ಹಲವರ ಎಣಿಕೆ. ಅದು ಕಾಪಾಡುವುದು ತಂತಿಯನ್ನು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿ ಎಲ್ಲಿಯಾದರೂ ಲೋಹಕ್ಕೆ ತಾಗಿದರೆ ಅದು ಕಾದು ಕೆಂಪಾಗುವವರೆಗೆ ತಡೆಯುವವರಿಲ್ಲ. ಆದ್ದರಿಂದ ಆ ಅಂತರ ಕಡಿಮೆಯಿದ್ದಷ್ಟೂ ಕ್ಷೇಮ.

ಜೋಡಣೆಗೆ ತವರ ಲೇಪಿಸಿದ ತಾಮ್ರದ ಎಳೆತಂತಿ ಉತ್ತಮ, ಅದು ನೀರಿಗೆ ಬೇಗ ಹಸಿರುಗಟ್ಟುವುದಿಲ್ಲ. ತುದಿಗೆ ಲಗ್ಗು ಹಾಕಿ ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಕುಗ್ಗುಕೊಳವೆಯನ್ನು ಬಿಸಿ ಮಾಡಿ ಮುಚ್ಚಬೇಕು. ಬರಿಯ ಬೆಸುಗೆಯನ್ನೇ ನೆಚ್ಚಿಕೊಳ್ಳಬಾರದು. ಬೆಸುಗೆ ಹೀರಿದ ಎಳೆಗಳು ಗಡುಸಾಗಿ, ಎಂಜಿನ್ನಿನ ನಡುಕಕ್ಕೆ ಅದರ ಅಂಚಿನಲ್ಲೇ ಮುರಿಯುತ್ತವೆ. ಬರಿಗೈಯಲ್ಲಿ ತಿರುಚಿ ಟೇಪು ಸುತ್ತುವ ಪದ್ಧತಿಗಂತೂ ಇಲ್ಲಿ ಜಾಗವೇ ಇಲ್ಲ.

ನೀರೆತ್ತುವ ಪಂಪು

ಎಷ್ಟೇ ಜೋಪಾನ ಮಾಡಿದರೂ ತೊಟ್ಟಿಯೊಳಗೆ ಸ್ವಲ್ಪ ನೀರು ಸೇರುವುದು ಸಹಜ. ಅದನ್ನು ಹೊರಹಾಕಲು ದೋಣಿಗಳಲ್ಲಿ ಬಳಸುವ ಪುಟ್ಟ ಪಂಪು ಬೇಕು. ಗಂಟೆಗೆ 500 ಗ್ಯಾಲನ್ ಎಂದು ಬರೆದಿರುವ ಪಂಪು ಸುಮಾರು 1,900 ಲೀಟರ್ ಎತ್ತಬಲ್ಲದು. ಕೊಳವೆಯ ಎತ್ತರ ಮತ್ತು ಬ್ಯಾಟರಿಯ ಸ್ಥಿತಿಗೆ ತಕ್ಕಂತೆ ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆ.

ಇದರ ತಂತಿ ಕೀಲಿ ಸ್ವಿಚ್ಚಿನ ಮೂಲಕ ಹಾದುಹೋಗಬಾರದು. ಕೀಲಿ ಕೆಟ್ಟರೂ, ಬೇರೆ ಫ್ಯೂಸುಗಳು ಸುಟ್ಟರೂ ಪಂಪು ಓಡಬೇಕು. ಅದಕ್ಕೆ ಬ್ಯಾಟರಿಯಿಂದ ನೇರ ತಂತಿ, ಸ್ವಂತ ಫ್ಯೂಸ್, ನೀರು ಏರಿದೊಡನೆ ತಾನೇ ಚಾಲೂ ಆಗುವ ತೇಲುಸ್ವಿಚ್, ಜೊತೆಗೆ ಕೈಯಿಂದ ಒತ್ತುವ ಸ್ವಿಚ್ ಇರಲಿ. ಪೆಟ್ರೋಲ್ ಆವಿ ಸೇರಬಹುದಾದ ಜಾಗದಲ್ಲಿ ಹೊರಗೆ ಕಿಡಿ ಹಾರಿಸದ, ದೋಣಿಗಳಿಗೆಂದೇ ಮಾಡಿದ ಸ್ವಿಚ್‌ಗಳನ್ನೇ ಬಳಸಬೇಕು.

ನೀರಿಗಿಳಿಯುವ ಮುನ್ನ

ಕೆಲಸ ಮುಗಿದ ಮೇಲೆ ದೀಪ, ಪಂಪುಗಳನ್ನು ಚಾಲೂ ಮಾಡಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ದೀಪದ ಋಣ ತುದಿಗೂ ಹಿಡಿದು ನೋಡಬೇಕು. ಮರಳುವ ದಾರಿ ಚೆನ್ನಾಗಿದ್ದರೆ ಅಲ್ಲಿ ಕಾಣುವುದು ವೋಲ್ಟ್‌ನ ಒಂದೆರಡು ದಶಾಂಶ ಮಾತ್ರ. ಹೆಚ್ಚು ತೋರಿಸಿದರೆ ಎಲ್ಲೋ ಒಂದು ಜೋಡಣೆ ಸಡಿಲವಿದೆ ಎಂದೇ ಅರ್ಥ. ಬಳಿಕ ಎಂಜಿನ್ ಚಾಲೂ ಮಾಡಿ, ಕೀಲಿಯಿಂದ ಅದು ನಿಲ್ಲುತ್ತದೆಯೇ ಎಂದು ಹತ್ತಾರು ಬಾರಿ ಪರೀಕ್ಷಿಸಬೇಕು. ತಂತಿಗಳನ್ನು ಅಲುಗಾಡಿಸಿ, ಸ್ವಿಚ್ಚಿಗೆ ನೀರು ಚಿಮುಕಿಸಿ ಮತ್ತೆ ನೋಡಬೇಕು.

ಮೊದಲ ಈಜು ಸೊಂಟದಷ್ಟು ಆಳದ, ಹರಿವಿಲ್ಲದ ನೀರಿನಲ್ಲಿರಲಿ. ತಳದ ಬಿರಡೆ ಹಾಕಿರುವುದನ್ನು ಕಣ್ಣಾರೆ ನೋಡಿ, ಲೈಫ್ ಜಾಕೆಟ್ ತೊಟ್ಟು, ಬಂಡಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ದಡದಲ್ಲಿ ನಿಂತವರ ಕೈಗೆ ಕೊಟ್ಟು ಇಳಿಯಬೇಕು. ಒಂದು ಜೊತೆ ಹುಟ್ಟುಗೋಲು ಒಳಗಿರಲಿ. ಐವತ್ತು ವರ್ಷದ ಹಿಂದಿನ ಬಣ್ಣ ಹೊಳೆಯದಿದ್ದರೆ ಚಿಂತೆಯಿಲ್ಲ, ಅದನ್ನು ಮುಂದಿನ ಬೇಸಿಗೆಯಲ್ಲೂ ಬಳಿಯಬಹುದು. ತಂತಿಯ ಕೆಲಸವನ್ನು ಮಾತ್ರ ಮುಂದಿನ ಬೇಸಿಗೆಗೆ ಉಳಿಸಿ ನೀರಿಗಿಳಿಯುವಂತಿಲ್ಲ.