ಶಿಸ್ತು, ಶಿಕ್ಷೆ ಮತ್ತು ವಿದ್ಯಾರ್ಥಿಯ ಮಾತು

ಕನ್ನಡದಲ್ಲಿ ‘ಶಿಕ್ಷಣ’ ಮತ್ತು ‘ಶಿಕ್ಷೆ’ ಒಂದೇ ಧಾತುವಿನಿಂದ ಬಂದ ಪದಗಳು. ಸಂಸ್ಕೃತದಲ್ಲಿ ಕಲಿಕೆಯನ್ನು ಸೂಚಿಸುವ ‘ಶಿಕ್ಷಾ’ ಕನ್ನಡದ ರೂಢಿಯಲ್ಲಿ ಮುಖ್ಯವಾಗಿ ದಂಡನೆಯ ಅರ್ಥವನ್ನು ಪಡೆದಿದೆ. ‘ಶಿಸ್ತು’ ಎಂಬ ಪದದ ಚರಿತ್ರೆ ಬೇರೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯ ಗುಣ ಮತ್ತು ಇಳುವರಿಯನ್ನು ಪರಿಶೀಲಿಸಿ ಗೊತ್ತುಪಡಿಸಿದ ಕಂದಾಯ ವ್ಯವಸ್ಥೆಗೂ ‘ಶಿಸ್ತು’ ಎಂದೇ ಹೆಸರು. ಅಲ್ಲಿ ಶಿಸ್ತೆಂದರೆ ಮೊದಲೇ ನಿಗದಿಯಾದ ಅಳತೆ. ಅಂಥ ಅಳತೆ ಕೊಡುವವನನ್ನು ಕಟ್ಟಿಹಾಕುವಂತೆ ಪಡೆಯುವವನನ್ನೂ ಕಟ್ಟಿಹಾಕುತ್ತದೆ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿ ಸಂಘಟನೆಗಳ ವಿರುದ್ಧ ಕೈಗೊಳ್ಳುವ ‘ಶಿಸ್ತುಕ್ರಮ’ವು ಇವುಗಳಲ್ಲಿ ಯಾವ ಅರ್ಥಕ್ಕೆ ಸೇರುತ್ತದೆ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ನ್ಯಾಯಾಲಯಗಳು ಸ್ಪಷ್ಟವಾಗಿ ಎದುರಿಸಿದ್ದು ಅಮೆರಿಕದಲ್ಲಿ. ಕಾಲೇಜು ಪೋಷಕರ ಸ್ಥಾನದಲ್ಲಿದೆ, ಆದ್ದರಿಂದ ಅದರ ತೀರ್ಮಾನಕ್ಕೆ ಕಾರಣ ಕೇಳುವಂತಿಲ್ಲ ಎಂಬ ನಂಬಿಕೆ ಅಲ್ಲಿ ಬಹುಕಾಲ ಪ್ರಬಲವಾಗಿತ್ತು. 1960ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಮಾಂಟ್‌ಗೊಮೆರಿಯ ನ್ಯಾಯಾಲಯ ಕಟ್ಟಡದಲ್ಲಿ ಬಿಳಿಯರಿಗೆ ಮೀಸಲಾಗಿದ್ದ ಉಪಾಹಾರಗೃಹದಲ್ಲಿ ಕುಳಿತು ಪ್ರತಿಭಟಿಸಿದರು. ಕೆಲವರನ್ನು ವಿಚಾರಣೆಯಿಲ್ಲದೆ ಕಾಲೇಜಿನಿಂದ ಹೊರಹಾಕಲಾಯಿತು. 1961ರ ಡಿಕ್ಸನ್ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು, ಸಾರ್ವಜನಿಕ ಕಾಲೇಜು ವಿದ್ಯಾರ್ಥಿಯನ್ನು ಹೊರಹಾಕುವ ಮುನ್ನ ಆರೋಪವನ್ನು ತಿಳಿಸಬೇಕು, ಅವನ ಮಾತನ್ನು ಕೇಳಬೇಕು ಎಂದು ತೀರ್ಪಿತ್ತಿತು.

ಡಿಕ್ಸನ್ ಪ್ರಕರಣ ವ್ಯಕ್ತಿಗಳಿಗೆ ಸಂಬಂಧಿಸಿದ್ದರೆ, 1972ರ ಹೀಲಿ ಪ್ರಕರಣ ಸಂಘಟನೆಗೆ ಸಂಬಂಧಿಸಿದ್ದು. ಸೆಂಟ್ರಲ್ ಕನೆಕ್ಟಿಕಟ್ ರಾಜ್ಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು 1969ರಲ್ಲಿ ಎಡಪಂಥೀಯ ರಾಷ್ಟ್ರೀಯ ಸಂಘಟನೆಯೊಂದರ ಸ್ಥಳೀಯ ಶಾಖೆಗೆ ಮಾನ್ಯತೆ ಕೋರಿದರು. ಕಾಲೇಜಿನ ಸಮಿತಿ ಒಪ್ಪಿದರೂ ಅಧ್ಯಕ್ಷರು ನಿರಾಕರಿಸಿದರು. ಮಾನ್ಯತೆಯಿಲ್ಲದ ಗುಂಪಿಗೆ ಸಭೆ ಸೇರಲು ಸ್ಥಳವೂ ಇಲ್ಲ, ಸೂಚನಾಫಲಕದ ಬಳಕೆಯೂ ಇಲ್ಲ. ನ್ಯಾಯಮೂರ್ತಿ ಪೊವೆಲ್ ಬರೆದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ರಾಷ್ಟ್ರೀಯ ಸಂಘಟನೆಯೊಡನೆ ಸಂಬಂಧವಿದೆಯೆಂಬುದಾಗಲಿ, ವಿಚಾರಧಾರೆ ಒಪ್ಪಿತವಲ್ಲವೆಂಬುದಾಗಲಿ, ಆಧಾರವಿಲ್ಲದ ಗಲಭೆಯ ಭೀತಿಯಾಗಲಿ ನಿರಾಕರಣೆಗೆ ಸಾಲದು. ಸಮರ್ಥನೆಯ ಹೊಣೆ ಕಾಲೇಜಿನದೇ. ಆದರೆ ಸಮಂಜಸವಾದ ನಿಯಮಗಳಿಗೆ ಬದ್ಧರಾಗುತ್ತೇವೆಂದು ಸಂಘಟನೆಯಿಂದ ಭರವಸೆ ಕೇಳುವ ಅಧಿಕಾರ ಸಂಸ್ಥೆಗಿದೆ ಎಂಬುದನ್ನೂ ನ್ಯಾಯಾಲಯ ಒಪ್ಪಿತು. ಹೀಗೆ ವಿಚಾರವನ್ನು ಮತ್ತು ವರ್ತನೆಯನ್ನು ಬೇರ್ಪಡಿಸಿದುದೇ ಈ ತೀರ್ಪಿನ ಮಹತ್ವ.

ಭಾರತದಲ್ಲಿ ಸಂವಿಧಾನದ 19ನೆಯ ವಿಧಿಯು ಮಾತಿನ ಸ್ವಾತಂತ್ರ್ಯವನ್ನೂ ಸಂಘ ಕಟ್ಟುವ ಸ್ವಾತಂತ್ರ್ಯವನ್ನೂ ಸಮಂಜಸ ನಿರ್ಬಂಧಗಳಿಗೆ ಒಳಪಡಿಸಿ ನೀಡಿದೆ. ಆದರೂ ಇಲ್ಲಿಯ ಕ್ಯಾಂಪಸ್ ವಿವಾದಗಳಲ್ಲಿ ಹಲವು ಸಹಜನ್ಯಾಯದ ಪ್ರಶ್ನೆಯಾಗಿ ನಿರ್ಣಯಗೊಂಡಿವೆ. ಸಹಜನ್ಯಾಯವೂ ಏಕರೂಪದ್ದಲ್ಲ. 1973ರ ಹೀರಾನಾಥ್ ಮಿಶ್ರಾ ಪ್ರಕರಣದಲ್ಲಿ, ದೂರಿತ್ತ ವಿದ್ಯಾರ್ಥಿನಿಯರ ರಕ್ಷಣೆಗಾಗಿ ಅವರ ಹೇಳಿಕೆಯನ್ನು ಆರೋಪಿಗಳ ಗೈರುಹಾಜರಿಯಲ್ಲಿ ಪಡೆದುದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2016ರ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪ್ರಕರಣದಲ್ಲಾದರೋ, ದೆಹಲಿ ಹೈಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಪ್ರಾಧಿಕಾರದ ಆದೇಶಗಳನ್ನು ರದ್ದುಪಡಿಸಿ, ವಿದ್ಯಾರ್ಥಿಗಳ ಅಹವಾಲನ್ನು ಕೇಳಿ ಹೊಸದಾಗಿ ತೀರ್ಮಾನಿಸುವಂತೆ ಸೂಚಿಸಿತು. 2015ರ ಮೇ ತಿಂಗಳಲ್ಲಿ ಮದರಾಸಿನ ಐಐಟಿಯು, ಅನಾಮಧೇಯ ದೂರೊಂದು ಕೇಂದ್ರ ಸಚಿವಾಲಯದ ಮೂಲಕ ಬಂದ ಬಳಿಕ, ಅಂಬೇಡ್ಕರ್–ಪೆರಿಯಾರ್ ಅಧ್ಯಯನ ವೃತ್ತದ ಮಾನ್ಯತೆಯನ್ನು ಹಿಂತೆಗೆದುಕೊಂಡು ಜೂನ್‌ನಲ್ಲಿ ಮರಳಿ ನೀಡಿತು. ಅದಕ್ಕೆ ಮೊದಲು ತಮ್ಮ ಮಾತನ್ನು ಕೇಳಲಿಲ್ಲವೆಂಬುದೇ ವಿದ್ಯಾರ್ಥಿಗಳ ಮುಖ್ಯ ಆಕ್ಷೇಪವಾಗಿತ್ತು.

‘ಗಲಭೆಯಾದೀತು’ ಎಂಬ ವಾದವನ್ನು ಕನ್ನಡದ ಅನುಭವದ ಮೂಲಕವೂ ಪರಿಶೀಲಿಸಬಹುದು. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಕುರಿತು ಬಳಸಿದ ‘ಬೂಸಾ’ ಎಂಬ ಮಾತು ವಿದ್ಯಾರ್ಥಿಗಳ ದೊಡ್ಡ ಚಳವಳಿಗೆ ಕಾರಣವಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಸಚಿವರು ಅಧಿಕಾರ ಬಿಟ್ಟರು. ಆ ಮಾತನ್ನು ವಿರೋಧಿಸುವ ಹಕ್ಕು ವಿದ್ಯಾರ್ಥಿಗಳಿಗಿತ್ತು. ಹಲ್ಲೆಯ ಹಕ್ಕು ಯಾರಿಗೂ ಇರಲಿಲ್ಲ. ಗಲಭೆಯ ಭಯದಿಂದ ಮಾತನಾಡಿದವರನ್ನೇ ಸುಮ್ಮನಾಗಿಸುವ ಶಿಸ್ತು ಗಲಭೆ ಮಾಡುವವರಿಗೆ ಬಹುಮಾನವಾಗುತ್ತದೆ. ಆ ಘಟನೆಯಿಂದ ಕೆರಳಿದ ಚಿಂತನೆಯೇ ಮುಂದೆ ದಲಿತ ಸಾಹಿತ್ಯ ಮತ್ತು ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಪ್ರೇರಣೆಯಾಯಿತೆಂಬುದನ್ನು ಸಾಹಿತ್ಯ ಚರಿತ್ರೆ ಗುರುತಿಸಿದೆ. ಅಂದು ಅಹಿತವೆನಿಸಿದ ಮಾತು ಇಂದು ಕನ್ನಡ ವಿಭಾಗಗಳ ಪಠ್ಯಚರ್ಚೆಯ ಭಾಗವಾಗಿದೆ.

ಈ ಎಲ್ಲ ಪ್ರಕರಣಗಳಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ನಿಯಮವು ಘಟನೆಗೆ ಮೊದಲೇ ಇರಬೇಕು. ಅದು ವರ್ತನೆಗೆ ಅನ್ವಯಿಸಬೇಕೇ ಹೊರತು ವಿಚಾರಕ್ಕಲ್ಲ. ದಂಡನೆಗೆ ಮುನ್ನ ಆರೋಪಿಯ ಮಾತು ಕೇಳಬೇಕು. ಇವಿಲ್ಲದಾಗ ಶಿಸ್ತು ಅಳತೆಯಾಗಿ ಉಳಿಯದೆ ಅಧಿಕಾರಸ್ಥರ ಇಚ್ಛೆಯಾಗುತ್ತದೆ. ತರಗತಿಯಲ್ಲಿ ಭಿನ್ನಮತದ ಪಠ್ಯವನ್ನು ಬೋಧಿಸುವ ಅಧ್ಯಾಪಕರು ಶಿಸ್ತು ಸಮಿತಿಯ ಸದಸ್ಯರೂ ಆಗಿರುವುದುಂಟು. ಶಿಕ್ಷಣ ಮತ್ತು ಶಿಕ್ಷೆಗಳ ನಡುವಿನ ಗೆರೆಯನ್ನು ಕಾಯುವ ಹೊಣೆ ಆ ಮೇಜಿನ ಮುಂದೆ ಅವರದೇ ಆಗಿರುತ್ತದೆ.